ಹತ್ತು ಮಕ್ಕಳಿಗೆ ಹತ್ತು ಯೂಸರ್‌ನೇಮ್: ಯಾವ ಅಕ್ಷರ ಇರಲಿ, ಯಾವುದು ಬೇಡ, ಹಂತ ಹಂತವಾಗಿ

ಬೆಂಗಳೂರು ಕಂಟೋನ್ಮೆಂಟ್ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತಾಗ ಹಳದಿ ಬೋರ್ಡ್ ನೋಡಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೆಸರು ತುಂಬು ಅಕ್ಷರಗಳಲ್ಲಿ ಇರುತ್ತದೆ. ಟಿಕೆಟ್ ಕೊಡುವ ಕಂಪ್ಯೂಟರ್‌ಗೆ ಮಾತ್ರ ಅದು ಬರೀ ಬಿ-ಎನ್-ಸಿ. ಕೆ.ಆರ್. ಪುರ ಅದಕ್ಕೆ ಕೆ-ಜೆ-ಎಂ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಸ್-ಎಂ-ವಿ-ಬಿ. ‘ಎಂ’ ಆದ ಮೇಲಿನ ಚುಕ್ಕಿಯಾಗಲಿ, ಪದಗಳ ನಡುವಿನ ಜಾಗವಾಗಲಿ ಆ ಕೋಡ್‌ನಲ್ಲಿ ಇಲ್ಲ. ಮೆಜೆಸ್ಟಿಕ್‌ನ ಸಿಟಿ ಸ್ಟೇಷನ್‌ಗೆ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ಬೋರ್ಡ್‌ಗಳೆಲ್ಲ ಬದಲಾದವು. ಕೋಡ್ ಮಾತ್ರ ಹಳೆಯ ಎಸ್-ಬಿ-ಸಿ ಆಗಿಯೇ ಉಳಿಯಿತು.

ಲಿನಕ್ಸ್ ಕಂಪ್ಯೂಟರ್‌ನಲ್ಲಿ ಪ್ರತಿಯೊಬ್ಬರಿಗೂ ಇದೇ ಥರ ಎರಡು ಹೆಸರು. ಒಂದು ಯೂಸರ್‌ನೇಮ್, ಅಂದರೆ ಕೋಡ್. ಇನ್ನೊಂದು ಪೂರ್ತಿ ಹೆಸರು, ಅಂದರೆ ಬೋರ್ಡ್. ಈ ಎರಡನ್ನು ಒಂದೇ ಎಂದುಕೊಂಡಾಗಲೇ ಹೊಸಬರಿಗೆ ತೊಂದರೆ ಶುರುವಾಗುವುದು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಯಾವ ಅಕ್ಷರ ಎಲ್ಲಿ ಇರಬೇಕು ಎಂಬ ಪ್ರಶ್ನೆ ಸಲೀಸಾಗಿ ಬಗೆಹರಿಯುತ್ತದೆ.

ಹೀಗೆ ಅಂದುಕೊಳ್ಳೋಣ. ಹಲಸೂರು ಸೋಮೇಶ್ವರ ದೇವಸ್ಥಾನದ ಹತ್ತಿರದ ಗಲ್ಲಿಯಲ್ಲಿ ಒಂದು ಟ್ಯೂಷನ್ ಕೊಠಡಿ ಇದೆ. ಎಸ್.ಪಿ. ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್‌ಗೆ ಯಾರೋ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟು ಹೋಗಿದ್ದಾರೆ. ಶಿವಾಜಿನಗರ, ಮರ್ಫಿ ಟೌನ್, ಇಂದಿರಾನಗರ, ಕೆ.ಆರ್. ಪುರದಿಂದ ಹತ್ತು ಮಕ್ಕಳು ಬರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಡುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಎಂಬ ಕಿಟಕಿಯನ್ನು ಇದಕ್ಕೆ ಮೊದಲು ನೀವು ಮುಟ್ಟಿಲ್ಲ. ಭಯಪಡಬೇಡಿ. ಅರ್ಧ ಕೆಲಸ ಪೆನ್ನು ಹಾಳೆಯಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಪ್ರತಿ ಮಗುವಿಗೂ ಮೂರ್ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು.

ಓದುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಅವನ್ನು ಇಂಗ್ಲಿಷ್ ಕೀಲಿಗಳಲ್ಲೇ ಒತ್ತಬೇಕು. ಹೊಸ ಪದ ಬಂದಾಗ ಅಕ್ಷರ ಬಿಡಿಸಿ ಹೇಳುತ್ತೇನೆ: ಸುಡೊ ಅಂದರೆ ಎಸ್-ಯು-ಡಿ-ಒ. ಹೀಗೆ ಬಿಡಿಸಿದಾಗ ನಡುವೆ ಕಾಣುವ ಗೆರೆಗಳು ಓದುವ ಅನುಕೂಲಕ್ಕೆ, ಅವನ್ನು ಟೈಪ್ ಮಾಡಬೇಡಿ. ನಿಜವಾಗಿ ಗೆರೆ ಒತ್ತಬೇಕಾದ ಕಡೆ ‘ಹೈಫನ್’ ಎಂದೇ ಹೇಳುತ್ತೇನೆ.

ಹಂತ 1: ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ

ಮೊದಲ ಕಾಲಂಗೆ ‘ಪೂರ್ತಿ ಹೆಸರು, ಕನ್ನಡದಲ್ಲಿ’, ಎರಡನೆಯದಕ್ಕೆ ‘ಇಂಗ್ಲಿಷ್ ಸ್ಪೆಲಿಂಗ್’, ಮೂರನೆಯದಕ್ಕೆ ‘ಯೂಸರ್‌ನೇಮ್’ ಎಂದು ತಲೆಬರಹ ಕೊಡಿ. ಮೂರನೆಯ ಕಾಲಂ ಸದ್ಯಕ್ಕೆ ಖಾಲಿ ಇರಲಿ. ಕಂಪ್ಯೂಟರ್ ಆನ್ ಮಾಡುವ ಅಗತ್ಯ ಇನ್ನೂ ಇಲ್ಲ.

ಹಂತ 2: ಮೊದಲೆರಡು ಕಾಲಂ ಮಕ್ಕಳೇ ತುಂಬಲಿ

ಇದನ್ನು ನೀವು ಬರೆಯಬೇಡಿ, ಹಾಳೆ ಅವರ ಕೈಗೆ ಕೊಡಿ. ನಮ್ಮ ಹೆಸರುಗಳಿಗೆ ಇಂಗ್ಲಿಷ್‌ನಲ್ಲಿ ಒಂದೇ ಸ್ಪೆಲಿಂಗ್ ಅಂತ ಇಲ್ಲ. ಒಬ್ಬ ಲಕ್ಷ್ಮಿ ಕೆ-ಎಸ್-ಎಚ್ ಹಾಕುತ್ತಾಳೆ, ಇನ್ನೊಬ್ಬಳು ಬರೀ ಎಕ್ಸ್ ಹಾಕುತ್ತಾಳೆ. ಮೊಹಮ್ಮದ್ ಎಂಬ ಹೆಸರನ್ನು ಶಿವಾಜಿನಗರದ ಒಂದೇ ಬೀದಿಯಲ್ಲಿ ನಾಲ್ಕು ಥರ ಬರೆಯುವವರು ಸಿಗುತ್ತಾರೆ. ಊರಿನ ಹೆಸರೇ ಹಾಗಿದೆ: ನಾವು ಹಲಸೂರು ಅನ್ನುವುದನ್ನು ಹಳೆಯ ಬೋರ್ಡ್‌ಗಳು ಅಲ್ಸೂರ್ ಎಂದು ಬರೆದವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲೋ ಆಧಾರ್‌ನಲ್ಲೋ ಇರುವ ಸ್ಪೆಲಿಂಗನ್ನೇ ಮಕ್ಕಳು ಹಾಕಲಿ. ನೀವು ಊಹಿಸಿ ಹಾಕಿದ ಸ್ಪೆಲಿಂಗ್‌ನಲ್ಲಿ ಆ ಮಗು ಪ್ರತಿದಿನ ಲಾಗಿನ್ ಆಗಲು ತಡಕಾಡುತ್ತದೆ.

ಹಂತ 3: ಎಲ್ಲವನ್ನೂ ಸ್ಮಾಲ್ ಲೆಟರ್‌ಗೆ ತನ್ನಿ

ಈಗ ಮೂರನೆಯ ಕಾಲಂ ಶುರು. ಎರಡನೆಯ ಕಾಲಂನಲ್ಲಿ ಇರುವುದನ್ನು ನೋಡಿ ಬರೆಯಿರಿ, ಆದರೆ ಕ್ಯಾಪಿಟಲ್ ಒಂದೂ ಇರದಿರಲಿ. ಲಿನಕ್ಸ್‌ನಂಥ ಯೂನಿಕ್ಸ್ ಮಾದರಿಯ ಸಿಸ್ಟಂಗಳಿಗೆ ಕ್ಯಾಪಿಟಲ್ ಆರ್ ಇರುವ ರಮೇಶನೂ ಸ್ಮಾಲ್ ಆರ್ ಇರುವ ರಮೇಶನೂ ಇಬ್ಬರು ಬೇರೆ ಬೇರೆ ಮನುಷ್ಯರು. ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒಮ್ಮೆ ಒತ್ತಿಹೋದರೆ ಲಾಗಿನ್ ಆಗುವುದಿಲ್ಲ, ಮಗುವಿಗೆ ಕಾರಣವೂ ಗೊತ್ತಾಗುವುದಿಲ್ಲ. ಹತ್ತೂ ಜನರದ್ದು ಸ್ಮಾಲ್ ಲೆಟರ್ ಎಂದಿದ್ದರೆ ಹೇಳಿಕೊಡುವುದು ಸುಲಭ.

ಹಂತ 4: ಚುಕ್ಕಿಗಳನ್ನು ತೆಗೆಯಿರಿ

ನಮ್ಮ ಕಡೆ ಎಲ್ಲರೂ ಜಾರುವ ಜಾಗ ಇದೇ. ನಮ್ಮ ಹೆಸರುಗಳಿಗೆ ಇನಿಷಿಯಲ್ ಇದೆ, ಇನಿಷಿಯಲ್ ಆದ ಮೇಲೆ ಚುಕ್ಕಿ ಇದೆ. ‘ಎಂ. ರಮೇಶ್’ ಎಂದು ಬರೆಯದೆ ಹೋದರೆ ಹೆಸರು ಅರ್ಧ ಅನ್ನಿಸುತ್ತದೆ. ಹಲಸೂರಿನ ತಮಿಳು ಮನೆಗಳಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ. ಕೆಲವು ಕನ್ನಡ ಮನೆಗಳಲ್ಲಿ ಊರು, ಅಪ್ಪ ಎರಡೂ ಸೇರಿ ಎರಡು ಚುಕ್ಕಿ. ಮೊಹಮ್ಮದ್ ಎಂಬುದನ್ನು ಎರಡಕ್ಷರಕ್ಕೆ ಇಳಿಸಿ ಚುಕ್ಕಿ ಇಡುವವರೂ ಇದ್ದಾರೆ. ಹೆಸರಿಗೆ ಆ ಚುಕ್ಕಿ ಬೇಕು, ಒಪ್ಪುತ್ತೇನೆ. ಅದು ಬೋರ್ಡ್ ಮೇಲೆ ಇರಲಿ, ಕೋಡ್‌ನಲ್ಲಿ ಬೇಡ.

ಚುಕ್ಕಿ ಇಟ್ಟರೆ ಸಿಸ್ಟಂ ಕೆಟ್ಟುಹೋಗುತ್ತದೆ ಎಂದಲ್ಲ. ಪಾಸಿಕ್ಸ್ ಎಂಬ ಯೂನಿಕ್ಸ್ ಮಾನಕ ಯೂಸರ್‌ನೇಮ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಂಡರ್‌ಸ್ಕೋರ್, ಹೈಫನ್ ಇಷ್ಟನ್ನೂ ಒಪ್ಪುತ್ತದೆ. ಹೈಫನ್ ಮೊದಲಿಗೆ ಬರಬಾರದು, ಅಷ್ಟೆ. ಕಂಪನಿಗಳಲ್ಲಿ ಇಮೇಲ್ ಥರವೇ ಚುಕ್ಕಿ ಇರುವ ಲಾಗಿನ್ ನೀವೂ ನೋಡಿರಬಹುದು. ಹಾಗಾದರೆ ಏಕೆ ಬೇಡ? ಎರಡು ಕಾರಣ ಹೇಳುತ್ತೇನೆ.

ಮೊದಲನೆಯದು. ಫೈಲಿನ ಒಡೆತನ ಬದಲಿಸುವ ಕಮಾಂಡ್ ಒಂದಿದೆ, ಚೌನ್ ಎನ್ನುತ್ತಾರೆ. ಯೂಸರ್ ಮತ್ತು ಗುಂಪು ಎರಡನ್ನೂ ಒಟ್ಟಿಗೆ ಹೇಳುವಾಗ ನಡುವೆ ಕೊಲನ್ ಹಾಕಬೇಕು. ಹಿಂದೆ ಅಲ್ಲಿ ಚುಕ್ಕಿಯನ್ನೇ ಹಾಕುತ್ತಿದ್ದರು, ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಇವತ್ತಿಗೂ ಅದು ಉಳಿದಿದೆ. ‘ಎಂ ಚುಕ್ಕಿ ರಮೇಶ್’ ಅಂದಾಗ ಅದು ಒಬ್ಬನ ಹೆಸರೋ, ಎಂ ಎಂಬ ಯೂಸರ್ ಮತ್ತು ರಮೇಶ್ ಎಂಬ ಗುಂಪೋ ಎಂಬ ಗೊಂದಲ ಹುಟ್ಟಿದ್ದೇ ಹೀಗೆ.

ಎರಡನೆಯದು ಇನ್ನೂ ಸೂಕ್ಷ್ಮ. ಒಬ್ಬರಿಗೆ ಸುಡೊ ಅಧಿಕಾರ, ಅಂದರೆ ಯಂತ್ರದ ಯಜಮಾನನಂತೆ ಕಮಾಂಡ್ ನಡೆಸುವ ಹಕ್ಕು, ಕೊಡಬೇಕಾದರೆ ಇಟಿಸಿ ಫೋಲ್ಡರ್ ಒಳಗಿನ ‘ಸುಡೋಯರ್ಸ್ ಡಾಟ್ ಡಿ’ ಎಂಬ ಜಾಗದಲ್ಲಿ ಅವರ ಯೂಸರ್‌ನೇಮ್‌ನಲ್ಲೇ ಒಂದು ಫೈಲ್ ಮಾಡಿಡುವ ರೂಢಿ ಇದೆ. ಆ ಜಾಗದಲ್ಲಿ ಹೆಸರಿನೊಳಗೆ ಚುಕ್ಕಿ ಇರುವ ಯಾವ ಫೈಲನ್ನೂ ಸುಡೊ ಓದುವುದಿಲ್ಲ. ಎಡಿಟರ್‌ಗಳು ಬಿಟ್ಟುಹೋಗುವ ಬ್ಯಾಕಪ್ ಫೈಲ್‌ಗಳು ಅಪ್ಪಿತಪ್ಪಿ ಜಾರಿಗೆ ಬರಬಾರದು ಎಂದು ಮಾಡಿದ ನಿಯಮ ಅದು. ಪರದೆ ಮೇಲೆ ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ನೀವು ಬರೆದದ್ದೆಲ್ಲ ಸರಿಯಿದ್ದೂ ಅಧಿಕಾರ ಮಾತ್ರ ಬರುವುದಿಲ್ಲ. ಒಂದು ಚುಕ್ಕಿಗಾಗಿ ಇಡೀ ಸಂಜೆ ತಲೆ ಕೆಡಿಸಿಕೊಳ್ಳುವುದು ಯಾಕೆ?

ಆದ್ದರಿಂದ ‘ಎಂ. ರಮೇಶ್’ ನಮ್ಮ ಹಾಳೆಯಲ್ಲಿ ‘ರಮೇಶ್‌ಎಂ’ ಆಗಲಿ: ಆರ್-ಎ-ಎಂ-ಇ-ಎಸ್-ಎಚ್-ಎಂ. ಕರೆಯುವ ಹೆಸರು ಮೊದಲು, ಇನಿಷಿಯಲ್ ಕೊನೆಗೆ. ಹೀಗೆ ಬರೆದರೆ ಪಟ್ಟಿಯಲ್ಲಿ ಹುಡುಕುವಾಗ ಬೇಗ ಸಿಗುತ್ತಾನೆ. ಇನ್ನೊಬ್ಬ ರಮೇಶ್ ಬಂದರೆ ಅವನ ಇನಿಷಿಯಲ್ ಬೇರೆ ಇರುತ್ತದೆ. ಅದೂ ಒಂದೇ ಆಗಿಬಿಟ್ಟರೆ ಕೊನೆಯಲ್ಲಿ 2 ಹಾಕಿ. ಅಂಕಿ ಕೊನೆಯಲ್ಲಿದ್ದರೆ ಯಾವ ತಂಟೆಯೂ ಇಲ್ಲ.

ಹಂತ 5: ಸ್ಪೇಸ್ ಮತ್ತು ಉಳಿದ ಚಿಹ್ನೆಗಳನ್ನು ಹೊಡೆದುಹಾಕಿ

ಸ್ಪೇಸ್ ಬೇಡವೇ ಬೇಡ. ಕಮಾಂಡ್ ಓದುವ ಶೆಲ್‌ಗೆ ಸ್ಪೇಸ್ ಅಂದರೆ ಒಂದು ಪದ ಮುಗಿಯಿತು, ಇನ್ನೊಂದು ಶುರುವಾಯಿತು ಎಂದರ್ಥ. ಕೊಲನ್ (:) ಅಂತೂ ನಿಷಿದ್ಧ: ಯೂಸರ್‌ಗಳ ಪಟ್ಟಿ ಇರುವ ಪಾಸ್‌ವರ್ಡ್ ಫೈಲಿನಲ್ಲಿ ಒಂದೊಂದು ಸಾಲನ್ನೂ ಏಳು ಭಾಗ ಮಾಡುವುದು ಕೊಲನ್‌ಗಳೇ. ಓರೆಗೆರೆ (/) ಫೋಲ್ಡರ್‌ಗಳ ದಾರಿ ತೋರಿಸುವ ಗುರುತು, ಅದೂ ಬೇಡ. ಅಲೆಗೆರೆ (~) ಹೋಮ್ ಫೋಲ್ಡರ್‌ನ ಗುರುತು. ಡಾಲರ್ ($) ಕೊನೆಯಲ್ಲಿ ಬರಲು ಅನುಮತಿ ಇರುವುದು ಸಾಂಬಾ ಜಾಲದಲ್ಲಿ ಯಂತ್ರಗಳಿಗೆ ತೆರೆಯುವ ಖಾತೆಗಳಿಗಾಗಿ. ಮಕ್ಕಳ ಹೆಸರಿಗೆ ಅದು ಬೇಕಿಲ್ಲ.

ಕಾಕ್ಸ್ ಟೌನ್, ಫ್ರೇಜರ್ ಟೌನ್ ಕಡೆಯಿಂದ ಡಿಸೋಜ, ಡಿಕ್ರೂಜ್ ಎಂಬ ಹೆಸರಿನ ಮಕ್ಕಳು ಬಂದರೆ ಇಂಗ್ಲಿಷ್‌ನಲ್ಲಿ ‘ಡಿ’ ಆದ ಮೇಲೆ ಮೇಲುಗಡೆ ಒಂದು ಸಣ್ಣ ಕೊಂಬು ಇರುತ್ತದೆ, ಅಪಾಸ್ಟ್ರಫಿ. ಶೆಲ್‌ಗೆ ಅದು ಉದ್ಧರಣ ಚಿಹ್ನೆ. ಇನ್ನೊಂದು ಬಂದು ಮುಚ್ಚುವವರೆಗೂ ಕಾಯುತ್ತಾ ಕೂರುತ್ತದೆ. ಅದನ್ನೂ ಬಿಟ್ಟುಬಿಡಿ.

ಅಂಡರ್‌ಸ್ಕೋರ್ (_) ಮತ್ತು ಹೈಫನ್ (-) ಎರಡಕ್ಕೂ ಒಪ್ಪಿಗೆ ಇದೆ. ನನ್ನ ಸಲಹೆ: ಬರೀ ಅಕ್ಷರ, ಅಂಕಿಗಳಲ್ಲೇ ಮುಗಿಸಿ. ಎರಡು ಪದ ಸೇರಿಸಲೇಬೇಕು ಅನ್ನಿಸಿದರೆ ನಡುವೆ ಒಂದು ಅಂಡರ್‌ಸ್ಕೋರ್ ಹಾಕಿ.

ಹಂತ 6: ಮೊದಲ ಅಕ್ಷರ ನೋಡಿ

ಪ್ರತಿ ಯೂಸರ್‌ನೇಮ್‌ನ ಮೊದಲ ಜಾಗದಲ್ಲಿ ಎ ಯಿಂದ ಝಡ್‌ವರೆಗಿನ ಒಂದು ಅಕ್ಷರವೇ ಇರಬೇಕು. ಅಂಕಿ ಇದ್ದರೆ ತಿದ್ದಿ, ಹೈಫನ್ ಇದ್ದರೆ ತಿದ್ದಿ. ಹೈಫನ್‌ನಿಂದ ಶುರುವಾದ ಯಾವ ಪದವನ್ನಾದರೂ ಕಮಾಂಡ್‌ಗಳು ತಮಗೆ ಕೊಟ್ಟ ಆಪ್ಷನ್ ಎಂದೇ ತಿಳಿಯುತ್ತವೆ.

ಅಂಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಜರಿ ನಂಬರ್, ರಿಜಿಸ್ಟರ್ ನಂಬರ್, ಮೊಬೈಲ್ ನಂಬರನ್ನೇ ಯೂಸರ್‌ನೇಮ್ ಮಾಡೋಣ ಎಂಬ ಯೋಚನೆ ಅನೇಕರಿಗೆ ಬರುತ್ತದೆ. ಸುಲಭ ಅನ್ನಿಸುತ್ತದೆ, ಆದರೆ ಬೇಡ. ಕಂಪ್ಯೂಟರ್ ಒಳಗೆ ಪ್ರತಿ ಯೂಸರ್‌ಗೂ ಯುಐಡಿ ಎಂಬ ಒಂದು ಸಂಖ್ಯೆ ಇದೆ. ಉಬುಂಟುವಿನಲ್ಲಿ ಮನುಷ್ಯರ ಖಾತೆಗಳು 1000ದಿಂದ ಶುರು. ಒಂದು ಮಗುವಿನ ಯೂಸರ್‌ನೇಮೇ ‘1003’ ಆಗಿದ್ದು, ಇನ್ನೊಂದು ಮಗುವಿನ ಯುಐಡಿ 1003 ಆಗಿದ್ದರೆ? ಚೌನ್ ಮೊದಲು ಹೆಸರನ್ನು ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಸಂಖ್ಯೆ ಎಂದುಕೊಳ್ಳುತ್ತದೆ. ಒಬ್ಬಳ ಪ್ರಾಜೆಕ್ಟ್ ಫೈಲ್ ಸದ್ದಿಲ್ಲದೆ ಇನ್ನೊಬ್ಬನ ಹೆಸರಿಗೆ ಹೋಗುತ್ತದೆ. ಮೊಬೈಲ್ ನಂಬರಿಗೆ ಇನ್ನೊಂದು ಆಕ್ಷೇಪವಿದೆ: ಯೂಸರ್‌ನೇಮ್‌ಗಳ ಪಟ್ಟಿಯನ್ನು ಆ ಕಂಪ್ಯೂಟರ್‌ಗೆ ಲಾಗಿನ್ ಆದ ಯಾರು ಬೇಕಾದರೂ ಓದಬಹುದು. ಹೆಣ್ಣುಮಕ್ಕಳ ಫೋನ್ ನಂಬರ್ ಅಲ್ಲಿ ತೆರೆದಿಡುವುದು ಸರಿಯಲ್ಲ. ಜನ್ಮದಿನಾಂಕಕ್ಕೂ ಇದೇ ಮಾತು.

ಅಂಕಿಯಿಂದ ಶುರುವಾಗುವ ಹೆಸರು ಎಷ್ಟು ದೊಡ್ಡ ಅನಾಹುತಕ್ಕೆ ದಾರಿ ಮಾಡಬಹುದು ಎಂಬುದಕ್ಕೆ 2017ರ ಒಂದು ಪ್ರಸಂಗ ಸಾಕು. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿ ಎಂಬ ತಂತ್ರಾಂಶಕ್ಕೆ ‘ಈ ಸೇವೆಯನ್ನು ಇಂಥ ಯೂಸರ್ ಹೆಸರಲ್ಲಿ ನಡೆಸು’ ಎಂದು ಬರೆದುಕೊಡಬಹುದು. ಆ ಹೆಸರು ಸೊನ್ನೆಯಿಂದ ಶುರುವಾಗುವ ‘0ಡೇ’ ಎಂದಿದ್ದಾಗ ಸಿಸ್ಟಂಡಿ ಅದನ್ನು ಅಸಿಂಧು ಎಂದು ಬಗೆದು ಆ ಸಾಲನ್ನೇ ಕೈಬಿಟ್ಟಿತು. ಯೂಸರ್ ಯಾರೆಂದು ಹೇಳದಿದ್ದರೆ ಸೇವೆ ನಡೆಯುವುದು ರೂಟ್ ಹೆಸರಲ್ಲಿ, ಅಂದರೆ ಇಡೀ ಯಂತ್ರದ ಯಜಮಾನನ ಹೆಸರಲ್ಲಿ. ಕಡಿಮೆ ಅಧಿಕಾರ ಕೊಡಲು ಹೋದವರು ಪೂರ್ತಿ ಅಧಿಕಾರ ಕೊಟ್ಟಂತಾಯಿತು. ಅದು ಭದ್ರತಾ ದೋಷವಾಗಿ ದಾಖಲಾಗಿದೆ. ಒಂದು ತಂತ್ರಾಂಶ ಒಪ್ಪಿಕೊಂಡ ಹೆಸರನ್ನು ಇನ್ನೊಂದು ಒಪ್ಪದೇ ಹೋಗಬಹುದು; ಅದಕ್ಕೇ ಎಲ್ಲವೂ ಒಪ್ಪುವ ಅಕ್ಷರಗಳನ್ನು ಮಾತ್ರ ಆರಿಸಿಕೊಳ್ಳಿ ಎನ್ನುವುದು.

ಹಂತ 7: ಅಕ್ಷರ ಎಣಿಸಿ

ಎಂಟರೊಳಗೆ ಮುಗಿದರೆ ಬಹಳ ಚೆನ್ನ. ಹಳೆಯ ಯೂನಿಕ್ಸ್‌ಗಳಲ್ಲಿ ಎಂಟೇ ಮಿತಿ ಇತ್ತು. ಲಿನಕ್ಸ್‌ನಲ್ಲಿ ಬಹುಕಾಲದಿಂದ ಇರುವ ಮಿತಿ 32. ಆದರೂ ಯಾವ ಪ್ರೋಗ್ರಾಂ ಯಾರದ್ದು ಎಂದು ತೋರಿಸುವ ಪಿಎಸ್ ಕಮಾಂಡ್ ಇವತ್ತಿಗೂ ಎಂಟಕ್ಕಿಂತ ಉದ್ದದ ಹೆಸರನ್ನು ಕತ್ತರಿಸಿ ಕೊನೆಗೆ ಕೂಡಿಸುವ ಚಿಹ್ನೆ (+) ಹಾಕಿ ತೋರಿಸುತ್ತದೆ. ‘ವೆಂಕಟೇಶ’ ಎಂದು ಶುರುವಾಗುವ ಇಬ್ಬರಿದ್ದರೆ ಅಲ್ಲಿ ಯಾರು ಯಾರೆಂದು ತಿಳಿಯದು. ಉದ್ದದ ಹೆಸರಿನ ಮಗುವನ್ನೇ ಕೇಳಿ, ಮನೆಯಲ್ಲಿ ಏನೆಂದು ಕರೆಯುತ್ತಾರೆ ಅಂತ. ವೆಂಕಿ, ಸುಬ್ಬು, ಮಂಜು: ಮನೆಯವರೇ ಮೊಟಕು ಮಾಡಿಟ್ಟಿರುತ್ತಾರೆ.

ಹಂತ 8: ಯಂತ್ರ ತನಗೇ ಇಟ್ಟುಕೊಂಡ ಹೆಸರುಗಳನ್ನು ಬಿಟ್ಟುಬಿಡಿ

ರೂಟ್, ಬಿನ್, ಮೇಲ್, ನ್ಯೂಸ್, ಗೇಮ್ಸ್, ಮ್ಯಾನ್, ನೋಬಡಿ ಇವೆಲ್ಲ ಉಬುಂಟುವಿನಲ್ಲಿ ಆಗಲೇ ಇರುವ ಖಾತೆಗಳು. ಇವನ್ನು ಕೇಳಿದರೆ ‘ಈಗಾಗಲೇ ಇದೆ’ ಎಂದು ಸಿಸ್ಟಂ ತಾನೇ ಹೇಳುತ್ತದೆ, ಹೆದರುವಂಥದ್ದೇನಿಲ್ಲ.

ಹೆದರಬೇಕಾದ್ದು ‘ಅಡ್ಮಿನ್’ ಎಂಬ ಹೆಸರಿಗೆ. ಅದನ್ನು ಯಾರಿಗೂ ಕೊಡಬೇಡಿ. ಹೊಸ ಯೂಸರ್ ಮಾಡಿದಾಗ ಅದೇ ಹೆಸರಿನ ಒಂದು ಗುಂಪೂ ಹುಟ್ಟುತ್ತದೆ. ಉಬುಂಟುವಿನ ಹಲವು ಆವೃತ್ತಿಗಳ ಸುಡೊ ನಿಯಮಗಳಲ್ಲಿ ‘ಅಡ್ಮಿನ್ ಗುಂಪಿನವರಿಗೆ ಎಲ್ಲ ಅಧಿಕಾರ’ ಎಂಬ ಸಾಲು ಹಿಂದಿನಿಂದಲೂ ಕೂತಿದೆ. ಆಟಕ್ಕೆ ಆ ಹೆಸರು ಕೇಳಿದ ಹುಡುಗನ ಕೈಗೆ ಇಡೀ ಕಂಪ್ಯೂಟರಿನ ಕೀಲಿ ಸಿಕ್ಕಿಬಿಡುತ್ತದೆ.

ಇಷ್ಟಾದರೆ ಹಾಳೆಯ ಕೆಲಸ ಮುಗಿಯಿತು. ಒಂದು ಲೋಟ ಟೀ ಕುಡಿಯಿರಿ. ಅಷ್ಟರಲ್ಲಿ ನಿಮ್ಮ ಮನಸ್ಸಿನಲ್ಲಿ ಖಂಡಿತ ಎದ್ದಿರುವ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಯೂಸರ್‌ನೇಮೇ ಕನ್ನಡದಲ್ಲಿ ಇರಬಾರದೇಕೆ?

ನನಗೂ ಅದೇ ಆಸೆ. ಕನ್ನಡಿಗರ ಕಂಪ್ಯೂಟರ್‌ನಲ್ಲಿ ಕನ್ನಡಿಗರ ಹೆಸರು ಕನ್ನಡದಲ್ಲೇ ಇರಬೇಕು ಎಂಬುದರಲ್ಲಿ ತಪ್ಪೇನೂ ಇಲ್ಲ. ಆದರೆ ಯೂಸರ್‌ನೇಮ್ ಅಂದರೆ ಕೀಲಿ, ಕೀಲಿಯ ಹಲ್ಲು ಪ್ರತಿಸಲವೂ ಕೂದಲೆಳೆಯಷ್ಟೂ ಬದಲಾಗದೆ ಕೂರಬೇಕು. ನಮ್ಮ ಲಿಪಿಯನ್ನು ಕಂಪ್ಯೂಟರ್ ಒಳಗೆ ಬರೆಯುವ ರೀತಿಯಲ್ಲಿ ಆ ಖಾತ್ರಿ ಸಿಗುವುದಿಲ್ಲ.

‘ಮಂಜು’ ಮತ್ತು ‘ಮ೦ಜು’ ಈ ಎರಡನ್ನೂ ನೋಡಿ. ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ. ಕನ್ನಡ ಟೈಪ್ ಮಾಡುವವರು ಎಷ್ಟೋ ಜನ ಈ ತಪ್ಪು ಮಾಡುತ್ತಾರೆ. ಓದುವ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ, ಕಂಪ್ಯೂಟರ್‌ಗೆ ಇಬ್ಬರೂ ಬೇರೆ. ‘ಸರೋಜ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ‘ಸೂರ್ಯ’ನನ್ನು ಅರ್ಕಾವತ್ತು ಇಟ್ಟು ಬರೆಯುವವರಿದ್ದಾರೆ, ‘ಸೂರ‍್ಯ’ ಎಂದು ರಕಾರಕ್ಕೆ ಯ ಒತ್ತು ಕೊಡುವವರಿದ್ದಾರೆ. ಈ ಎರಡನೆಯ ರೂಪದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಅಡಗಿದೆ. ಇನ್ನು ತೆಲುಗಿನ ಎಷ್ಟೋ ಅಕ್ಷರಗಳು ನಮ್ಮವೇ ಅನ್ನುವಷ್ಟು ಹೋಲುತ್ತವೆ. ಒಬ್ಬರು ತೆಲುಗು ಕೀಬೋರ್ಡ್‌ನಲ್ಲಿ ಒತ್ತಿದ ‘ರ’ ಮತ್ತು ನೀವು ಕನ್ನಡದಲ್ಲಿ ಒತ್ತಿದ ‘ರ’ ಪರದೆ ಮೇಲೆ ಅಣ್ಣತಮ್ಮಂದಿರು, ಒಳಗೆ ಸಂಬಂಧವೇ ಇಲ್ಲ.

ಉದ್ದದ ಲೆಕ್ಕವೂ ಇದೆ. ಯಾರು ಯಾವಾಗ ಲಾಗಿನ್ ಆದರು ಎಂಬ ಲಿನಕ್ಸ್ ದಾಖಲೆಯಲ್ಲಿ ಹೆಸರಿಗೆ ಬಿಟ್ಟಿರುವ ಜಾಗ 32 ಬೈಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿಗೆ ಬೇಕಾಗುವ ವಿರಾಮ ಎಲ್ಲವೂ ಪ್ರತ್ಯೇಕ, ಪ್ರತಿಯೊಂದಕ್ಕೂ ಮೂರು ಬೈಟ್. ‘ಇಂದಿರಾನಗರ’ 27 ಬೈಟ್‌ಗೆ ಹೇಗೋ ಹಿಡಿಸುತ್ತದೆ. ‘ಕೃಷ್ಣರಾಜಪುರ’ ಬಿಡಿಸಿದರೆ ಹನ್ನೊಂದು ತುಂಡು, 33 ಬೈಟ್. ಒಂದೇ ಒಂದು ಬೈಟ್‌ನಿಂದ ಹೊರಗೆ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಕಷ್ಟಕಾಲದ್ದು. ಒಂದು ದಿನ ಚಿತ್ರಗಳಿರುವ ಡೆಸ್ಕ್‌ಟಾಪ್ ಏಳುವುದೇ ಇಲ್ಲ, ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಕನ್ಸೋಲ್ ಮಾತ್ರ ಬರುತ್ತದೆ. ಅಲ್ಲಿ ಹೆಚ್ಚೆಂದರೆ 512 ಅಕ್ಷರ ರೂಪಗಳಿಗೆ ಜಾಗ. ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ, ಕನ್ನಡ ಕೀಬೋರ್ಡ್ ಕೂಡ ಸಿಗುವುದಿಲ್ಲ. ಕನ್ನಡದ ಯೂಸರ್‌ನೇಮ್ ಇದ್ದವರು ಆ ದಿನ ಬಾಗಿಲ ಹೊರಗೆ.

‘.ಭಾರತ’ ಎಂಬ ಕನ್ನಡದ ಡೊಮೇನ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದರ ಹಿಂದೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಬದಲಿಸುವ ಒಂದು ಪದರ ಕೆಲಸ ಮಾಡುತ್ತಿರುತ್ತದೆ. ಯೂಸರ್‌ನೇಮ್‌ಗೆ ಅಂಥ ಪದರ ಯಾರೂ ಕಟ್ಟಿಲ್ಲ. ಕಟ್ಟುವವರೆಗೆ ಕೋಡ್ ಇಂಗ್ಲಿಷ್‌ನಲ್ಲಿ ಇರಲಿ, ಬೋರ್ಡ್ ಕನ್ನಡದಲ್ಲಿ ಇರಲಿ. ಆ ಬೋರ್ಡ್ ಹಾಕುವುದು ಹನ್ನೆರಡನೆಯ ಹಂತ.

ಹಂತ 9: ಟರ್ಮಿನಲ್ ತೆರೆಯಿರಿ

ಉಬುಂಟುವಿನ ಅಡ್ಮಿನ್ ಅಧಿಕಾರ ಇರುವ ಖಾತೆಯಿಂದ ಲಾಗಿನ್ ಆಗಿ. ಅಂದರೆ ಉಬುಂಟು ಹಾಕಿದಾಗ ಮೊದಲು ಮಾಡಿದ ಖಾತೆ. ಕಂಟ್ರೋಲ್, ಆಲ್ಟ್, ಟಿ ಮೂರೂ ಕೀಲಿ ಒಟ್ಟಿಗೆ ಒತ್ತಿ. ಒಂದು ಕಿಟಕಿ ತೆರೆದು ಕರ್ಸರ್ ಮಿನುಗುತ್ತದೆ. ಏನೂ ಹಾಳಾಗುವುದಿಲ್ಲ, ಭಯಪಡಬೇಡಿ. ಎಂಟರ್ ಒತ್ತುವವರೆಗೆ ನೀವು ಬರೆದದ್ದು ಬರೀ ಬರಹ.

ಹಂತ 10: ಯೂಸರ್ ಸೇರಿಸಿ

ಸುಡೊ, ಒಂದು ಸ್ಪೇಸ್, ಆಡ್‌ಯೂಸರ್ (ಎ-ಡಿ-ಡಿ-ಯು-ಎಸ್-ಇ-ಆರ್), ಒಂದು ಸ್ಪೇಸ್, ಆಮೇಲೆ ಹಾಳೆಯ ಮೂರನೆಯ ಕಾಲಂನ ಹೆಸರು, ‘ರಮೇಶ್‌ಎಂ’. ಎಂಟರ್ ಒತ್ತಿ.

ಮೊದಲು ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆ ಮೇಲೆ ನಕ್ಷತ್ರವೂ ಕಾಣದೆ ಹೋದರೆ ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಇರುವುದೇ ಹಾಗೆ. ಮುಂದೆ ರಮೇಶನಿಗೆ ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಆಗ ಅವನನ್ನೇ ಕೂರಿಸಿ, ನೀವು ಮುಖ ತಿರುಗಿಸಿಕೊಳ್ಳಿ.

ಬಳಿಕ ಪೂರ್ತಿ ಹೆಸರು, ಕೊಠಡಿ ಸಂಖ್ಯೆ, ಕಚೇರಿ ಫೋನ್, ಮನೆ ಫೋನ್ ಎಂದು ಒಂದೊಂದಾಗಿ ಕೇಳುತ್ತದೆ. ಎಲ್ಲದಕ್ಕೂ ಏನೂ ಬರೆಯದೆ ಎಂಟರ್ ಒತ್ತುತ್ತಾ ಹೋಗಿ. ಫೋನ್ ನಂಬರ್ ಇಲ್ಲೂ ಬೇಡ, ಇದನ್ನೂ ಎಲ್ಲರೂ ಓದಬಹುದು. ಕೊನೆಗೆ ‘ಸರಿಯೇ’ ಎಂದು ಕೇಳಿದಾಗ ವೈ ಒತ್ತಿ ಎಂಟರ್ ಮಾಡಿ.

ಇಲ್ಲಿ ‘ನೇಮ್ ರೆಜೆಕ್ಸ್’ ಎಂಬ ಪದ ಇರುವ ದೊಡ್ಡ ಎರರ್ ಬಂದರೆ ಅರ್ಥ ಇಷ್ಟೆ: ಹೆಸರಿನಲ್ಲಿ ಒಪ್ಪದ ಅಕ್ಷರ ಇದೆ. ಹಾಳೆಗೆ ಹೋಗಿ ಮೂರರಿಂದ ಆರರವರೆಗಿನ ಹಂತ ಮತ್ತೆ ನೋಡಿ. ಆ ಎರರ್‌ನ ಕೊನೆಯಲ್ಲೇ ತಪಾಸಣೆ ಬಿಟ್ಟು ಬಲವಂತವಾಗಿ ಸೇರಿಸುವ ಉಪಾಯವೂ ಬರೆದಿರುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಯೂಸರ್‌ಆಡ್ ಎಂದು ಪದ ತಿರುಗಿಸಿ ಬರೆಯುವ ಇನ್ನೊಂದು ಕಮಾಂಡೂ ಇದೆ. ಅದು ಪಾಸ್‌ವರ್ಡ್ ಕೇಳುವುದಿಲ್ಲ, ಉಬುಂಟು ಸೇರಿರುವ ಡೆಬಿಯನ್ ಬಳಗದ ಸಿಸ್ಟಂಗಳಲ್ಲಿ ಹೆಸರಿನ ವಿಷಯಕ್ಕೂ ಬಹಳ ಸಡಿಲ. ಹೊಸಬರಿಗೆ ಆಡ್‌ಯೂಸರೇ ಒಳ್ಳೆಯ ಗೆಳೆಯ.

ಹಂತ 11: ಸರಿಯಾಗಿದೆಯೇ ನೋಡಿ

ಗೆಟ್‌ಎಂಟ್ (ಜಿ-ಇ-ಟಿ-ಇ-ಎನ್-ಟಿ), ಸ್ಪೇಸ್, ಪಾಸ್‌ವರ್ಡ್ ಎಂಬುದರ ಮೊಟಕು ರೂಪ (ಪಿ-ಎ-ಎಸ್-ಎಸ್-ಡಬ್ಲ್ಯು-ಡಿ), ಸ್ಪೇಸ್, ರಮೇಶ್‌ಎಂ ಎಂದು ಬರೆದು ಎಂಟರ್ ಮಾಡಿ. ಸುಡೊ ಬೇಕಿಲ್ಲ. ಕೊಲನ್‌ಗಳಿಂದ ಏಳು ಭಾಗವಾದ ಒಂದು ಸಾಲು ಬರುತ್ತದೆ: ಯೂಸರ್‌ನೇಮ್, ಒಂದು ಎಕ್ಸ್, ಯುಐಡಿ, ಗುಂಪಿನ ಸಂಖ್ಯೆ, ಟಿಪ್ಪಣಿ, ಹೋಮ್ ಫೋಲ್ಡರ್, ಶೆಲ್. ಐದನೆಯ ಭಾಗ ಖಾಲಿಯೋ ಬರೀ ಅಲ್ಪವಿರಾಮಗಳೋ ಆಗಿರುತ್ತದೆ. ಆ ಭಾಗಕ್ಕೆ ಜಿಕಾಸ್ ಎಂಬ ಹೆಸರಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಕಟ್ಟಿದವರು ಪ್ರಿಂಟ್ ತೆಗೆಯಲು ಜನರಲ್ ಎಲೆಕ್ಟ್ರಿಕ್‌ನ ಇನ್ನೊಂದು ಕಂಪ್ಯೂಟರ್‌ಗೆ ಕೆಲಸ ಕಳಿಸುತ್ತಿದ್ದರು, ಅದಕ್ಕೆ ಬೇಕಾದ ಗುರುತು ಇಲ್ಲಿ ಇಡುತ್ತಿದ್ದರು. ಆ ಕಂಪ್ಯೂಟರ್ ಯಾವತ್ತೋ ಹೋಯಿತು, ಜಾಗ ಉಳಿಯಿತು. ನಮಗೆ ಬೇಕಾದ ಬೋರ್ಡ್ ಅದೇ.

ಹಂತ 12: ಕನ್ನಡದ ಹೆಸರು ಬರೆಯಿರಿ

ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು, ಇನ್‌ಪುಟ್ ಸೋರ್ಸ್‌ಗೆ ಕನ್ನಡ ಸೇರಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇದ್ದರೆ ‘ಕಗಪ’ ಎಂಬುದನ್ನು ಆರಿಸಿ, ಬೆರಳಿಗೆ ಹೊಸದೆನಿಸದು. ಸೂಪರ್ ಕೀಲಿ, ಅಂದರೆ ವಿಂಡೋಸ್ ಚಿತ್ರದ ಕೀಲಿ, ಅದರ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಈಗ ಟರ್ಮಿನಲ್‌ನಲ್ಲಿ ಇಂಗ್ಲಿಷ್‌ಗೆ ಮರಳಿ ಸುಡೊ, ಸ್ಪೇಸ್, ಯೂಸರ್‌ಮಾಡ್ (ಯು-ಎಸ್-ಇ-ಆರ್-ಎಂ-ಒ-ಡಿ), ಸ್ಪೇಸ್, ಹೈಫನ್, ಅದಕ್ಕೆ ಅಂಟಿಕೊಂಡಂತೆ ಸ್ಮಾಲ್ ಸಿ, ಸ್ಪೇಸ್, ಒಂದು ಡಬಲ್ ಉದ್ಧರಣ ಚಿಹ್ನೆ ("). ಭಾಷೆ ಕನ್ನಡಕ್ಕೆ ತಿರುಗಿಸಿ ‘ಎಂ. ರಮೇಶ್’ ಎಂದು ಬರೆಯಿರಿ, ಚುಕ್ಕಿ ಸಮೇತ. ಇಂಗ್ಲಿಷ್‌ಗೆ ಮರಳಿ ಉದ್ಧರಣ ಚಿಹ್ನೆ ಮುಚ್ಚಿ, ಸ್ಪೇಸ್ ಕೊಟ್ಟು, ರಮೇಶ್‌ಎಂ ಎಂಬ ಯೂಸರ್‌ನೇಮ್ ಹಾಕಿ ಎಂಟರ್ ಮಾಡಿ.

ಟರ್ಮಿನಲ್‌ನಲ್ಲಿ ಒತ್ತಕ್ಷರ ಸ್ವಲ್ಪ ಚದುರಿದಂತೆ ಕಂಡರೆ ಗಾಬರಿಯಾಗಬೇಡಿ, ಒಳಗೆ ಸರಿಯಾಗಿಯೇ ಕೂತಿರುತ್ತದೆ. ಎರಡೇ ಎರಡು ಚಿಹ್ನೆ ಇಲ್ಲಿ ಬಳಸಬಾರದು. ಕೊಲನ್ ಹಾಕಿದರೆ ಕಮಾಂಡ್ ಒಪ್ಪುವುದಿಲ್ಲ. ಅಲ್ಪವಿರಾಮ ಹಾಕಿದರೆ ಅದರ ನಂತರದ್ದನ್ನು ಕೊಠಡಿ ಸಂಖ್ಯೆ ಎಂದು ತಿಳಿಯುತ್ತದೆ. ಅಕ್ಷರದ ಬದಲು ಡಬ್ಬಿಗಳು ಕಂಡರೆ ಕನ್ನಡದ ಫಾಂಟ್ ಇಲ್ಲ ಎಂದರ್ಥ. ಗುಬ್ಬಿ, ನವಿಲು ಎಂಬ ಫಾಂಟ್‌ಗಳು ಉಬುಂಟುವಿನ ಭಂಡಾರದಲ್ಲೇ ಉಚಿತವಾಗಿ ಸಿಗುತ್ತವೆ.

ಹತ್ತರಿಂದ ಹನ್ನೆರಡರವರೆಗಿನ ಹಂತಗಳನ್ನು ಉಳಿದ ಒಂಬತ್ತು ಮಕ್ಕಳಿಗೂ ಮಾಡಿ. ಒಬ್ಬರದು ಪೂರ್ತಿ ಮುಗಿದ ಮೇಲೆ ಇನ್ನೊಬ್ಬರದು. ಎಲ್ಲರದ್ದನ್ನೂ ಒಟ್ಟಿಗೆ ಎಳೆದುಕೊಳ್ಳಬೇಡಿ.

ಹಂತ 13: ತಪ್ಪಾಗಿದ್ದರೆ ತಿದ್ದಿ

ಸ್ಪೆಲಿಂಗ್ ತಪ್ಪಿದೆ ಎಂದು ಆಮೇಲೆ ಗೊತ್ತಾದರೂ ಚಿಂತೆಯಿಲ್ಲ. ಫೈಲ್‌ಗಳು ನೆನಪಿಟ್ಟುಕೊಂಡಿರುವುದು ಹೆಸರನ್ನಲ್ಲ, ಯುಐಡಿಯನ್ನು. ಹೆಸರು ಬದಲಾದರೂ ಫೈಲ್ ಅದೇ ಮಗುವಿನದ್ದಾಗಿರುತ್ತದೆ. ಆ ಮಗು ಲಾಗೌಟ್ ಆಗಿರಲಿ. ಸುಡೊ ಯೂಸರ್‌ಮಾಡ್, ಹೈಫನ್ ಸ್ಮಾಲ್ ಎಲ್, ಹೊಸ ಹೆಸರು, ಹಳೆಯ ಹೆಸರು: ಇದೇ ಕ್ರಮ, ನಡುನಡುವೆ ಸ್ಪೇಸ್. ಹೊಸದು ಮೊದಲು ಬರುತ್ತದೆ ಎಂಬುದನ್ನು ಮರೆಯಬೇಡಿ, ಎಲ್ಲರೂ ಎಡವುವುದು ಅಲ್ಲೇ. ಹೋಮ್ ಫೋಲ್ಡರ್‌ನ ಹೆಸರು ಹಳೆಯದೇ ಉಳಿಯುತ್ತದೆ, ಅದರಿಂದ ಕೆಲಸಕ್ಕೇನೂ ಅಡ್ಡಿಯಿಲ್ಲ.

ಹಾಳೆಯನ್ನು ಕೊಠಡಿಯ ಬೀರುವಿನಲ್ಲಿ ಇಡಿ. ಅದರಲ್ಲಿ ಪಾಸ್‌ವರ್ಡ್ ಮಾತ್ರ ಬರೆದಿಡಬೇಡಿ. ಮತ್ತೆ, ಹನ್ನೆರಡನೆಯ ಹಂತವನ್ನು ‘ಇದಿಲ್ಲದಿದ್ದರೂ ಲಾಗಿನ್ ಆಗುತ್ತದಲ್ಲ’ ಎಂದು ಬಿಟ್ಟುಬಿಡಬೇಡಿ. ನಾಳೆ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಲಾಗಿನ್ ಪರದೆಯಲ್ಲಿ ಮಕ್ಕಳಿಗೆ ಕಾಣುವುದು ಆ ಹಂತದಲ್ಲಿ ನೀವು ಬರೆದ ಕನ್ನಡದ ಹೆಸರೇ.